ಒಂದೊಂದೇ ಕೊಡುವ ಗೇಜು

ಮಂಡ್ಯದ ಪೇಟೆ ಬೀದಿಯ ಹಿಂದಿನ ಓಣಿಯಲ್ಲಿ ಕೆಂಪರಾಜುವಿನ ಬಂದೂಕಿನ ಅಂಗಡಿ ಇದೆ. ದಿನಸಿ ಅಂಗಡಿಗೆ ಉಪ್ಪು ಕೊಳ್ಳಲು ಬಂದವರು ಊರ ಸುದ್ದಿಯನ್ನೆಲ್ಲ ಸುರಿದು ಹೋಗುತ್ತಾರೆ. ಕಟಿಂಗ್ ಶಾಪಿನಲ್ಲಿ ತಲೆಗೂದಲು ಇಲ್ಲದವರೂ ಕೂತಿರುತ್ತಾರೆ. ಬಂದೂಕಿನ ಅಂಗಡಿಗೆ ಮಾತ್ರ ಯಾರೂ ಸುಮ್ಮನೆ ಬರುವುದಿಲ್ಲ. ಬಂದವನು ಲೈಸೆನ್ಸ್ ಪುಸ್ತಕ ತೋರಿಸಿ, ದನಿ ತಗ್ಗಿಸಿ ಬೇಕಾದ್ದು ಕೇಳಿ, ಯಾರಾದರೂ ನೋಡಿದರೇನೋ ಎಂಬಂತೆ ಅತ್ತಿತ್ತ ಕಣ್ಣಾಡಿಸಿ ಹೊರಟುಬಿಡುತ್ತಾನೆ. ಹೆಂಡತಿ ಶಶಿರೇಖಾ ತೀರಿಕೊಂಡ ವರ್ಷ ಕೆಂಪರಾಜು ಅಂಗಡಿ ಮುಂದೆ ಒಂದು ಬೆಂಚು ಹಾಕಿಸಿದ. ಅದರ ಮೇಲೆ ಓಣಿಯ ನಾಯಿ ಮಲಗುತ್ತದೆ. ಲೈಸೆನ್ಸ್ ಇಲ್ಲದೆ ಬರುವ ಗಿರಾಕಿ ಅದೊಂದೇ.

ಚುನಾವಣೆ ಬಂದರೆ ಪರವಾಗಿಲ್ಲ. ಮತ ಎಣಿಕೆ ಮುಗಿಯುವವರೆಗೆ ಬೆಳೆ ಕಾಯುವ ಬಂದೂಕುಗಳು ಅಂಗಡಿಗೆ ಠೇವಣಿ ಬರುತ್ತವೆ, ಜೊತೆಗೆ ಅವುಗಳ ಯಜಮಾನರೂ ಬಂದು ನಾಲ್ಕು ಮಾತಾಡುತ್ತಾರೆ. ಚುನಾವಣೆ ಇನ್ನೂ ಬೇಗ ಬೇಗ ಬರಲಿ ಎಂದು ಹಾರೈಸುವವರು ಮಂಡ್ಯದಲ್ಲಿ ಇಬ್ಬರೇ: ಬ್ಯಾನರ್ ಅಚ್ಚು ಹಾಕುವವನು ಮತ್ತು ಕೆಂಪರಾಜು.

ಇಂಥವನ ಬಳಿ ಒಂದು ಜೋಡಿ ಗೇಜು ಇತ್ತು. ನೋಡಲು ತೋಟಾದಂತಿರುವ ಉಕ್ಕಿನ ಎರಡು ತುಂಡುಗಳು. ರೈಫಲಿಗೆ ಹೊಸ ನಳಿಗೆ ಕೂರಿಸಿದಾಗ, ತೋಟಾ ಕೂರುವ ಮನೆಗೂ ಅದರ ಬೆನ್ನಿಗೆ ಒತ್ತಿ ನಿಲ್ಲುವ ಬೋಲ್ಟಿಗೂ ನಡುವಿನ ಸಂದು ಸರಿಯಾಗಿದೆಯೇ ಎಂದು ನೋಡುವುದಕ್ಕೆ. ಮೊದಲನೆಯದನ್ನು ಇಟ್ಟರೆ ಬೋಲ್ಟ್ ಮುಚ್ಚಬೇಕು. ಎರಡನೆಯದನ್ನು ಇಟ್ಟರೆ ಮುಚ್ಚಬಾರದು. ಮುಚ್ಚಿತೋ, ಸಂದು ಜಾಸ್ತಿಯಾಗಿದೆ ಎಂದರ್ಥ. ತೋಟಾ ಹಿಂದಕ್ಕೆ ಸೀಳಿ, ಗುಂಡು ಹೊಡೆದವನ ಮುಖಕ್ಕೇ ಸಿಡಿಯಬಹುದು.

ಈ ಕೆಲಸ ಬರುವುದು ಯಾವಾಗಲೋ ಒಮ್ಮೆ. ಅದಕ್ಕೇ ಮಳವಳ್ಳಿಯಲ್ಲಿ ಬಂದೂಕು ರಿಪೇರಿ ಮಾಡುವ ಮಹದೇವು ಗೇಜು ಕೊಳ್ಳದೆ ಕೆಂಪರಾಜುವಿನಿಂದ ಎರವಲು ಒಯ್ಯುತ್ತಿದ್ದ. ಎರವಲು ತಂದರೆ ಕಾಲು ಸವೆಯುತ್ತದೆ, ಕೊಂಡು ತಂದರೆ ಜೇಬು ಸವೆಯುತ್ತದೆ. ಮಹದೇವುವಿನ ಕಾಲು ಗಟ್ಟಿಯಾಗಿತ್ತು.

ಆದರೆ ಕೆಂಪರಾಜು ಎರಡನ್ನೂ ಒಟ್ಟಿಗೆ ಕೊಟ್ಟವನಲ್ಲ. "ಜೋಡಿ ಉಕ್ಕು ಒಟ್ಗೆ ಹೊಸ್ಲು ದಾಟ್ಬಾರ್ದು ಕಣಪ್ಪ, ನಮ್ಮಪ್ಪನ ಕಾಲ್ದಿಂದ ನಡ್ಕಂಡ್ ಬಂದದ್ದು" ಎನ್ನುತ್ತಿದ್ದ. ಅವನಪ್ಪ ರೇಷ್ಮೆಗೂಡಿನ ವ್ಯಾಪಾರಿ. ಆತನಿಗೆ ಗೊತ್ತಿದ್ದ ಉಕ್ಕೆಂದರೆ ತಕ್ಕಡಿಯ ಕಡ್ಡಿ ಒಂದೇ. ಹೀಗಾಗಿ ಮಹದೇವು ಒಂದು ನಳಿಗೆಗೆ ಮೂರು ಸಲ ಮಂಡ್ಯಕ್ಕೆ ಬರಬೇಕು: ಮೊದಲನೆಯದನ್ನು ಒಯ್ಯಲು, ಅದನ್ನು ಕೊಟ್ಟು ಎರಡನೆಯದನ್ನು ಪಡೆಯಲು, ಕೊನೆಗೆ ಅದನ್ನೂ ಮರಳಿಸಲು. ಬಂದಾಗಲೆಲ್ಲ ಟೀ, ನಿಪ್ಪಟ್ಟು, ಕೂತು ಮಾತು. ಕೆಂಪರಾಜು ತನ್ನನ್ನು ನಂಬುವುದಿಲ್ಲ, ಅದಕ್ಕೇ ಈ ಆಟ ಎಂದು ಮಹದೇವು ತಿಳಿದಿದ್ದ. ತಾನು ಬರುವ ದಿನ ಕೆಂಪರಾಜು ಇಸ್ತ್ರಿ ಮಾಡಿದ ಅಂಗಿ ಹಾಕಿರುತ್ತಿದ್ದುದನ್ನು ಅವನು ಗಮನಿಸಿರಲಿಲ್ಲ.

ಆ ದಿನವೂ ಮಹದೇವು ಬಂದು ಮೊದಲನೆಯ ಗೇಜನ್ನು ಮೇಜಿನ ಮೇಲಿಟ್ಟ.

"ತಗಳಣ್ಣ ನಿನ್ ಚಿನ್ನದ್ ತುಂಡು."

"ಕೂತ್ಕೊ, ಟೀ ತರುಸ್ತೀನಿ. ಇನ್ನೊಂದ್ನ ನಿಧಾನುಕ್ಕೆ ತಗಂಡೋಗೀವಂತೆ."

"ಇನ್ನೊಂದು ಬ್ಯಾಡ ಬುಡಣ್ಣ. ಕರಿಸಿದ್ದಯ್ಯೋರು ರೈಫಲ್ ತಗಂಡೋಗಾಯ್ತು."

ಮುತ್ತತ್ತಿ ರಸ್ತೆಯಲ್ಲಿ ಮಾವಿನ ತೋಪು ಮಾಡಿಕೊಂಡಿರುವ ನಿವೃತ್ತ ಅಧಿಕಾರಿ ಆತ. ಅಪ್ಪನ ಕಾಲದ ರೈಫಲಿಗೆ ಅನುಮತಿ ಪಡೆದು ಹೊಸ ನಳಿಗೆ ಹಾಕಿಸಿಕೊಂಡಿದ್ದ.

"ಎಲ್ಡ್ನೇದು ನೋಡ್ದೆ ಕೊಟ್ಬುಟ್ಯೇನ್ಲಾ?"

"ಒಂದು ನೋಡಿದ್ನಲ್ಲ, ಸಲೀಸಾಗಿ ಮುಚ್ಕತ್ತು. ಅವ್ರೋ ಬಾಗ್ಲಲ್ಲೇ ನಿಂತವ್ರೆ, ನಾಳೀಕೆ ಮೈಸೂರ್ ಶೂಟಿಂಗ್ ರೇಂಜಲ್ಲಿ ಹೊಡ್ದು ನೋಡ್ಬೇಕಂತೆ. ನೀನೋ ಒಂದೊಂದೇ ಕೊಡ್ತೀಯ. ಎಷ್ಟ್ ಕಿತ ಓಡಾಡ್ಲಿ? ಸಾಕಾಯ್ತಣ್ಣ. ನಂಗೊಂದು ಜೋಡಿ ತರಿಸ್ಕೊಟ್ಬುಡು, ಸ್ವಂತುಕ್ಕೆ ಇರ್ಲಿ."

ಹೊಸ ಜೋಡಿಯೊಂದು ಬೀರುವಿನಲ್ಲೇ ಇತ್ತು, ಸೀಲು ಸಹಿತ. ಮಹದೇವು ಹಿಂದೊಮ್ಮೆ ಕೇಳಿದಾಗ ಸ್ಟಾಕಿಲ್ಲ ಎಂದಿದ್ದ ಕೆಂಪರಾಜು. ಬಂದ ಗಿರಾಕಿಗೆ ಇಲ್ಲವೆಂದ ಒಂದೇ ವ್ಯಾಪಾರ ಅದು. ಈಗ ಅವನ ಎದೆಗೆ ಮೊದಲು ತಾಗಿದ್ದು ಸ್ವಂತಕ್ಕೆ ಬೇಕೆಂದ ಮಾತು. ರೈಫಲಿನ ಮಾತು ಸ್ವಲ್ಪ ತಡವಾಗಿ ತಾಗಿತು. ತಾಗಿದ್ದೇ ಎದ್ದು ನಿಂತ.

"ಫೋನ್ ಮಾಡ್ಲಾ ಅವ್ರಿಗೆ."

"ಆ ತೋಪಲ್ಲಿ ಟವರ್ ಎಲ್ಲಣ್ಣ ಸಿಕ್ತದೆ?"

ಮಾಡಿದರೂ ಸಿಗಲಿಲ್ಲ. ಕೆಂಪರಾಜು ಗೇಜುಗಳೆರಡನ್ನೂ ಜೇಬಿಗೆ ಹಾಕಿಕೊಂಡು ಅಂಗಡಿಯ ಷಟರ್ ಎಳೆದ. ನಾಯಿ ಒಂದು ಕಣ್ಣು ತೆರೆದು ನೋಡಿ ಮುಚ್ಚಿಕೊಂಡಿತು.

ಇಬ್ಬರೂ ಹತ್ತಿದ ಮಳವಳ್ಳಿ ಬಸ್ಸು ಮದ್ದೂರು ದಾಟಿತು. ದೊಡ್ಡಿ ಊರಿನ ಹತ್ತಿರ ಕಬ್ಬಿನ ಲಾರಿಗಳ ಹಿಂದೆ ಸಿಕ್ಕಿಕೊಂಡು ತೆವಳತೊಡಗಿತು. ಅಷ್ಟು ಹೊತ್ತಿಗೆ ಮಹದೇವುವಿಗೂ ಗಾಬರಿ ಹತ್ತಿತ್ತು. ಗಾಬರಿಯಾದರೆ ಅವನು ಕೆಣಕುತ್ತಾನೆ.

"ಅಲ್ಲಣ್ಣ, ಎಲ್ಡ್ನೂ ಒಟ್ಗೇ ತಂದಿದ್ದೀಯ. ಹೊಸ್ಲು ಸುಮ್ಕೆ ಬುಡ್ತಾ?"

"ಅಂಗೇನೂ ಇಲ್ಲ ಕಣ್ಲಾ. ಅದು ನಾನೇ ಕಟ್ಟಿದ್ ಕತೆ."

"ಯಾಕೆ, ಮಾರ್ಕಂಬುಡ್ತೀನಿ ಅಂತ್ಲಾ?"

ಕೆಂಪರಾಜು ಕಿಟಕಿಯ ಕಡೆ ತಿರುಗಿದ. "ಒಟ್ಗೆ ಕೊಟ್ರೆ ನೀನು ಬರೋದು ಕಮ್ಮಿಯಾಯ್ತದೆ."

ಮಹದೇವು ಹಲ್ಲು ಕಿರಿಯಲು ಹೋದವನು ನಿಲ್ಲಿಸಿದ. ಮುಂದಿನ ಲಾರಿಯಿಂದ ಉದುರಿದ ಕಬ್ಬಿನ ಜಲ್ಲೆಗಾಗಿ ಇಬ್ಬರು ಹೆಂಗಸರು ರಸ್ತೆಯಲ್ಲೇ ಎಳೆದಾಡುತ್ತಿದ್ದರು.

ಮಳವಳ್ಳಿಯಿಂದ ಮಹದೇವುವಿನ ಬೈಕು. ತೋಪಿನ ಮನೆಯ ಜಗಲಿಯಲ್ಲಿ ರೈಫಲು ಕಂಬಳಿ ಹೊದ್ದು ಮಲಗಿತ್ತು. ಕರಿಸಿದ್ದಯ್ಯನ ಹೆಂಡತಿ ಬೀರಮ್ಮ, "ನನ್ಗೆ ಒಂದಿನ ಹೊದುಸ್ದೋರಲ್ಲ, ಅದಕ್ಕೆ ನೋಡಿ ಉಪಚಾರ!" ಎಂದು ನೀರು ತಂದಿಟ್ಟಳು.

"ಒಂದು ಪರೀಕ್ಷೆ ಬಾಕಿ ಇತ್ತು ಸಾರ್. ಅದಾಗೋಗಂಟ ಹೊಡೀಬ್ಯಾಡಿ," ಎಂದ ಮಹದೇವು. ತಪ್ಪು ಯಾರದೆಂದು ಹೇಳಲಿಲ್ಲ. ಕೆಂಪರಾಜುವೇ ಹೇಳಿದ: "ತಪ್ಪು ನಂದು. ಇವ್ನಿಗೆ ಗೇಜು ಕೊಟ್ಟಿರ್ಲಿಲ್ಲ."

ಎರಡನೆಯ ಗೇಜನ್ನು ಒಳಗಿಟ್ಟು ಮಹದೇವು ಬೋಲ್ಟನ್ನು ಮುಂದೂಡಿ, ಹಿಡಿಯನ್ನು ಬೆರಳ ತುದಿಯಿಂದ ಇಳಿಸಿದ. ಅದು ಇಳಿಯತೊಡಗಿತು. ಅರ್ಧಕ್ಕೆ ಬಂದು ನಿಂತಿತು. ಇನ್ನೊಮ್ಮೆ ಮಾಡಿದ, ಮತ್ತೆ ಅಲ್ಲೇ ನಿಂತಿತು.

"ಯಾಕಯ್ಯ, ಮುಚ್ತಾನೇ ಇಲ್ಲ? ಕೆಟ್ಟೋಯ್ತಾ?" ಕರಿಸಿದ್ದಯ್ಯ ಗಾಬರಿಯಾದ.

"ಮುಚ್ಚಿದ್ರೆ ಕೆಟ್ಟೋಗ್ತಿತ್ತು ಸಾರ್. ಆರಾಮಾಗಿ ನಾಳೀಕೆ ಓಗ್ಬನ್ನಿ," ಎಂದ ಮಹದೇವು.

ಕೆಂಪರಾಜು ಜಗಲಿಯ ಮೇಲೆ ಕೂತುಬಿಟ್ಟ. ಬೀರಮ್ಮ ಕೊಟ್ಟ ನೀರನ್ನು ಪೂರ್ತಿ ಕುಡಿದ.

ಸಂಜೆ ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಅವನು ಫೋನು ತೆಗೆದು ನೋಡಿದ. ಅಂಗಡಿಯ ಬೋರ್ಡಿನ ಮೇಲೆ ನಂಬರು ದೊಡ್ಡದಾಗಿಯೇ ಬರೆಸಿದ್ದ. ಅಷ್ಟು ಹೊತ್ತು ಬಾಗಿಲು ಹಾಕಿದ್ದರೂ ಯಾಕೆಂದು ಒಬ್ಬರೂ ಕೇಳಿರಲಿಲ್ಲ. ಫೋನು ಒಳಗಿಟ್ಟು, ಎರಡೂ ಗೇಜುಗಳನ್ನು ತೆಗೆದು ಮಹದೇವುವಿನ ಕೈಗಿತ್ತ.

"ಮಡೀಕೊ. ನಂಗೆ ಹೊಸ ಜೋಡಿ ಅದೆ."

"ಎರವಲೋ, ಕ್ರಯಕ್ಕೋ?"

"ಕ್ರಯಕ್ಕೇ. ಹಳೇದು, ಅರ್ಧ ರೇಟು ಕೊಡು. ಪುಕ್ಸಟ್ಟೆ ಕೊಟ್ರೆ ನಾಳೀಕೆ ನಿಂಗೇ ಅನುಮಾನ ಬತ್ತದೆ."

ಮಹದೇವು ಚೌಕಾಸಿ ಮಾಡಲಿಲ್ಲ. ಮಾಡಿದ್ದರೆ ಇನ್ನೊಂದಿಷ್ಟು ಮಾತಾದರೂ ಆಗುತ್ತಿತ್ತು. ಫೋನಿನಲ್ಲೇ ದುಡ್ಡು ಹಾಕಿ, ಗೇಜುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡ. "ಯಾವಾಗ್ಲಾದ್ರೂ ಬತ್ತೀನಣ್ಣ," ಎಂದ. ಯಾವಾಗಲಾದರೂ ಎಂದವರು ಯಾವಾಗ ಬರುತ್ತಾರೆಂದು ಅಂಗಡಿ ಇಟ್ಟವನಿಗೆ ಗೊತ್ತು.

ಮಂಡ್ಯದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೂಗಿದ. ಕಿಟಕಿಯ ಪಕ್ಕದ ಸೀಟುಗಳು ಸಾಲಾಗಿ ಖಾಲಿ ಇದ್ದವು.

"ಇದು ಬ್ಯಾಡ," ಎಂದ ಕೆಂಪರಾಜು, ಬಸ್ಸನ್ನು ನೋಡದೆ. "ಬಲೇ ರಶ್ಶು."

ಮಹದೇವು ಖಾಲಿ ಬಸ್ಸನ್ನು ನೋಡಿದ, ಅವನನ್ನು ನೋಡಿದ. ಹೊರಡಲೆಂದು ತೆಗೆದಿದ್ದ ಬೈಕಿನ ಕೀಲಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡ.

"ಊಂ ಕಣಣ್ಣ," ಎಂದ, "ಕಾಲಿಡಕ್ಕೂ ಜಾಗ ಇಲ್ಲ."