ಕಣ್ಣು ಮುಚ್ಚದ ಹುಡುಗಿ

ಲಾ ಪಾಜ್‌ ಊರಿನ ಇಳಿಜಾರಿನಲ್ಲಿದ್ದ ಶಾಲೆಯೊಂದರಲ್ಲಿ ನೆಲಿದಾ ಚೋಕೆ ಇಪ್ಪತ್ತೆರಡು ವರ್ಷದಿಂದ ಗಣಿತ ಕಲಿಸುತ್ತಿದ್ದಳು. ಅವಳ ಪರೀಕ್ಷೆ ಅಂದರೆ ಮಕ್ಕಳಿಗೆ ಹೊಟ್ಟೆನೋವು, ವಾಂತಿ. ಅದೇ ತನ್ನ ಪಾಠದ ತೂಕ ಎಂದು ಅವಳು ಬೀಗುತ್ತಿದ್ದಳು. ಆ ವರ್ಷ ಹೆಡ್‌ಮಿಸ್ಸು ಅವಳನ್ನು ಮೂರು ದಿನದ ತರಬೇತಿಗೆ ಕಳಿಸಿದರು. ಉಸಿರಿನ ಮೇಲೆ ಗಮನವಿಟ್ಟು ಕೂರಿಸಿ ಮಕ್ಕಳ ದಿಗಿಲು ಇಳಿಸುವುದು ಹೇಗೆಂದು ಅಲ್ಲಿ ಹೇಳಿಕೊಟ್ಟರು. ನೆಲಿದಾ ಅದನ್ನೂ ಗಣಿತದ ಹಾಗೆಯೇ ಕಲಿಸಲು ಹೊರಟಳು. ಬೆನ್ನು ನೆಟ್ಟಗೆ, ಕಣ್ಣು ಮುಚ್ಚು, ನಾಲ್ಕೆಣಿಸಿ ಉಸಿರೆಳೆ, ಆರೆಣಿಸಿ ಬಿಡು.

ಎರಡನೇ ಬೆಂಚಿನ ಲಿಸೆತ್ ಮಾತ್ರ ಕಣ್ಣು ಮುಚ್ಚುತ್ತಿರಲಿಲ್ಲ.

“ಏನು, ಮಹಾರಾಣಿಯವರಿಗೆ ಪ್ರತ್ಯೇಕವಾಗಿ ಹೇಳ್ಬೇಕಾ?” ಎಂದಳು ನೆಲಿದಾ ಒಂದು ಬೆಳಿಗ್ಗೆ.

“ನನ್ನ ಕೈಲಾಗಲ್ಲ ಟೀಚರ್.”

“ಉಸಿರಾಡೋಕೂ ಬರದವಳು ಬೀಜಗಣಿತ ಏನು ಕಲೀತೀಯ!”

ತರಗತಿ ಗೊಳ್ಳೆಂದು ನಕ್ಕಿತು. ನೆಲಿದಾ ಅಷ್ಟಕ್ಕೆ ಬಿಡದೆ ಹಿಂದಿನಿಂದ ಹೋಗಿ ಹುಡುಗಿಯ ಕಣ್ಣಿಗೆ ಅಂಗೈ ಒತ್ತಿದಳು. ಲಿಸೆತ್ ಚೀರಿದಳು, ಬೆಂಚು ಕೆಡವಿಕೊಂಡು ಓಡಿಹೋದಳು. ಕೂತಲ್ಲೇ ಉಚ್ಚೆ ಹೊಯ್ದುಕೊಂಡಿದ್ದಳು. ಈಗ ಯಾರೂ ನಗಲಿಲ್ಲ.

ಹುಡುಗಿ ಮರುದಿನ ಬರಲಿಲ್ಲ. ಕೇಳಿದವರಿಗೆ ನೆಲಿದಾ “ಜ್ವರವಂತೆ” ಎಂದು ಸುಳ್ಳು ಹೇಳಿದಳು. ಐದನೆಯ ದಿನ ತಡೆಯಲಾರದೆ, ಲಿಸೆತ್‌ಳ ಅಜ್ಜಿ ಎಉಸೇಬಿಯಾ ಬಿಸಿ ಗಂಜಿ ಮಾರುವ ಸಂತೆಕಟ್ಟೆಗೆ ಹೋದಳು.

“ಗುಡ್ಡ ಕುಸಿದಾಗ ಇವಳು ಅರ್ಧ ದಿನ ಮಣ್ಣೊಳಗಿದ್ಲು,” ಎಂದಳು ಅಜ್ಜಿ. “ಇವಳಮ್ಮ ಪಕ್ಕದಲ್ಲೇ ಕೂಗ್ತಾ ಕೂಗ್ತಾ ಸುಮ್ಮನಾದ್ಲು. ಅವತ್ತಿಂದ ಕತ್ತಲೆ ಅಂದ್ರೆ ಆಗಲ್ಲ. ಶಾಲೆಗೆ ಸೇರಿಸುವಾಗ್ಲೇ ಚೀಟೀಲಿ ಬರೆಸಿ ನಿಮ್ಮ ಕೈಗೇ ಕೊಟ್ಟಿದ್ದೆ. ಓದಿರಲಿಲ್ವಾ ಟೀಚರಮ್ಮ?”

ಆ ಚೀಟಿ ನೆಲಿದಾಳ ಮೇಜಿನ ಖಾನೆಯಲ್ಲಿ ಮಡಿಸಿದಂತೆಯೇ ಬಿದ್ದಿತ್ತು. ಇನ್ನೊಂದು ಸುಳ್ಳು ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು.

“ಓದಿರಲಿಲ್ಲಮ್ಮ,” ಎಂದಳು. ತಲೆ ಎತ್ತಲಾಗಲಿಲ್ಲ.

ಲಿಸೆತ್ ಹಂಡೆಯ ಹಿಂದೆ ನಿಂತು, ಮುಸುಕಿನ ಜೋಳದ ನೇರಳೆ ಗಂಜಿ ತಿರುವುತ್ತಿದ್ದಳು.

“ನನ್ನದು ತಪ್ಪಾಯ್ತು ಮಗಳೇ.”

ಹುಡುಗಿ ಸೌಟು ನಿಲ್ಲಿಸಲಿಲ್ಲ. “ಇಲ್ಯಾಕೆ ಹೇಳ್ತೀರಿ? ಅವರೆಲ್ಲ ನಕ್ಕಿದ್ದು ಅಲ್ಲಿ.”

ಸೋಮವಾರ ನೆಲಿದಾ ಮೂವತ್ತೆಂಟು ಮಕ್ಕಳೆದುರು ನಿಂತಳು. ಹುಡುಗಿಯ ಕಥೆ ಹೇಳಲಿಲ್ಲ. ತಾನು ಚೀಟಿ ಓದದೆ ಬಿಟ್ಟದ್ದು, ಗೇಲಿ ಮಾಡಿದ್ದು, ಮೈಮುಟ್ಟಿದ್ದು, ಸುಳ್ಳು ಹೇಳಿದ್ದು, ಎಲ್ಲವನ್ನೂ ಹೇಳಿದಳು. ಲಿಸೆತ್ ಬಾಗಿಲಲ್ಲೇ ನಿಂತು ಕೇಳಿ, ಆಮೇಲೆ ಒಳಗೆ ಬಂದಳು. ಅಂದಿನಿಂದ ಮಕ್ಕಳು ಕಣ್ಣು ತೆರೆದೇ ಕೂತರು. ಕಿಟಕಿಯನ್ನೋ ತಮ್ಮ ಬೆರಳನ್ನೋ, ಬೇಕಾದ್ದನ್ನು ನೋಡುತ್ತ ಉಸಿರಾಡಿದರು.

ಲಿಸೆತ್ ಪರೀಕ್ಷೆ ಬರೆದು ಪಾಸಾದಳು. ನೆಲಿದಾಳ ಜೊತೆ ಮಾತ್ರ ಎಷ್ಟು ಬೇಕೋ ಅಷ್ಟೇ ಮಾತು.

“ನಿಮ್ಮ ಮಕ್ಕಳು ಈಗ ಹೆದರಲ್ಲ. ಬೇರೆ ಟೀಚರುಗಳಿಗೂ ಕಲಿಸಿ,” ಎಂದರು ಹೆಡ್‌ಮಿಸ್ಸು. ನೆಲಿದಾ ಒಪ್ಪಿದಳು. ಆದರೆ ಪ್ರತಿ ಸಲವೂ ಆ ಬೆಳಿಗ್ಗೆ ನಡೆದದ್ದನ್ನು ಹೇಳಿಯೇ ಶುರುಮಾಡುತ್ತಿದ್ದಳು. ಎಷ್ಟು ಸಲ ಹೇಳಿದರೂ ನಾಚಿಕೆಯಿಂದ ಕಿವಿ ಸುಡುವುದು ನಿಲ್ಲಲಿಲ್ಲ.