ತೆಂಗಿನಕಾಯಿಯೂ ರಮೇಶನ ಭೂಗೋಳವೂ

೧೯೬೮ ಮಾರ್ಚ್ ೧೦, ಭಾನುವಾರ. ಬೆಳಗ್ಗೆ ಏಳೂ ಹತ್ತಕ್ಕೆ ಬರೆಯಲು ಕೂತೆ.

ನಿನ್ನೆ ನಾನೀಗ ಇರುವ ಅಲ್ಕಾಪುರಿಯಲ್ಲಿ ಹೊಸ ಅಂಗಡಿಯೊಂದರ ಬಾಗಿಲಲ್ಲಿ ಕಾಯಿ ಒಡೆದು ನನಗೂ ಉಗುರಿನಷ್ಟು ಹೋಳು ಕೊಟ್ಟರು. ಅದನ್ನು ಮೂಸುತ್ತ ನಿಂತವನಿಗೆ ಮೂರು ವರ್ಷದ ಹಿಂದಿನ ಮಣಿನಗರ ನೆನಪಾಯಿತು. ಆಗ ನಾನು ಅಕ್ಕ ಭಾವನ ಜೊತೆಗಿದ್ದೆ. ಭಾವನಿಗೆ ರೈಲ್ವೆ ಕೆಲಸ. ನಾವು ಕುಮಟೆಯವರು; ಅಕ್ಕನ ಅಡುಗೆಗೆ ದಿನಾ ಒಂದು ಕಾಯಿ ಬೇಕು. ಒಡೆದ ಕಾಯಿಗೊಂದರಂತೆ ನಾನು ದಿನಚರಿಯಲ್ಲಿ ಗೀಟು ಹಾಕುತ್ತಿದ್ದೆ. ನಗಬೇಡಿ, ಆ ವಯಸ್ಸಿನಲ್ಲಿ ಕೆಲವರು ಕವಿತೆ ಬರೆಯುತ್ತಾರೆ.

ಗುಜರಾತಿ ಮನೆಯೊಡತಿ ಶಾಂತಾಬೆನ್ ಕೆಳಗಡೆ ಇದ್ದರು, ನಾವು ಮಹಡಿಯಲ್ಲಿ. ಅವರ ಪ್ರಕಾರ ಕಾಯಿ ಒಡೆಯುವುದು ದೇವರಿಗೆ ಮಾತ್ರ. ದಿನಾ ಬೆಳಗ್ಗೆ ಮೇಲಿನಿಂದ 'ಟಪ್' ಎಂದು ಕೇಳಿ, ಅಕ್ಕ ಯಾವುದೋ ಘೋರ ವ್ರತ ಹಿಡಿದಿದ್ದಾಳೆಂದು ತೀರ್ಮಾನಿಸಿದ್ದರು. ಒಂದು ದಿನ ತಾವೇ ಕಾಯಿ ಹಿಡಿದು ಮೇಲೆ ಬಂದರು.

"ನನ್ನ ಮಗ ರಮೇಶನ ಹೆಸರಲ್ಲೂ ಒಂದು ಒಡಿ ಬೆಹನ್. ಒಂಬತ್ತನೇ ಕ್ಲಾಸಿನ ಪರೀಕ್ಷೆ ಬಂತು."

"ಅಯ್ಯೋ, ಇದು ಹುಳಿಗೆ ಹಾಕೂದು!" ಅಕ್ಕ ಹರಕು ಹಿಂದಿಯಲ್ಲಿ ಹೇಳಿದಳು.

"ದಿನಾ ಒಂದು ಕಾಯಿ ಯಾರಾದ್ರೂ ತಿಂತಾರಾ? ವ್ರತ ಮುಚ್ಚಿಡಬೇಕು, ಗೊತ್ತು ಬಿಡು."

ನಾನು ನಡುವೆ ಬಾಯಿ ಹಾಕಿ ನಮ್ಮ ಕರಾವಳಿಯನ್ನು ವಿವರಿಸಿದೆ. ಮನೆಯ ಮಾಡಿಗೆ ಹೊದಿಸಲು ತೆಂಗಿನ ಗರಿ, ದೋಣಿ ಕಟ್ಟಲು ನಾರಿನ ಹಗ್ಗ, ಒಲೆಗೆ ಕರಟ, ತಲೆಗೆ ಎಣ್ಣೆ, ಅಂಗಳ ಗುಡಿಸಲು ಹಿಡಿಸೂಡಿ. ಅಂಗಡಿಗೆ ಕಾಯಿ ಕೊಟ್ಟರೆ ಬೆಲ್ಲವೂ ಬರುತ್ತದೆ ಎಂದೆ. ಶಾಂತಾಬೆನ್ ಕಣ್ಣು ಮುಚ್ಚಿ ಕೈ ಮುಗಿದರು. "ಎಂಥ ಭಕ್ತಿಯ ಊರು!"

ಅಂದಿನಿಂದ ಕೆಳಗಿನ ಮನೆಯಿಂದಲೇ ದಿನಾ ಕಾಯಿ ಬರತೊಡಗಿತು. ಒಂದು ಹೋಳು ಪ್ರಸಾದವಾಗಿ ಕೆಳಗಿಳಿಯುತ್ತಿತ್ತು, ಉಳಿದದ್ದು ನಮ್ಮ ಹುಳಿಗೆ. ಭಾವನಿಗೆ ಮಾತ್ರ ಊಟ ಸೇರಲಿಲ್ಲ.

"ಹುಡ್ಗ ಫೇಲಾದ್ರೆ ನಮ್ಮ ವ್ರತ ಸುಳ್ಳು ಅಂತಾಯ್ತು. ಮನೆ ಖಾಲಿ ಮಾಡಿಸ್ತ್ರು ಮಾರಾಯ. ಎಲ್ಲಿ ಹೋಗೂದು?"

ರಮೇಶ ಹಿಂದಿದ್ದದ್ದು ಭೂಗೋಳದಲ್ಲಿ. ಹಾಗಾಗಿ ಮನೆ ಉಳಿಸಲು ಸಂಜೆ ಹೊತ್ತು ನಾನೇ ಪಾಠಕ್ಕೆ ಕೂತೆ. ಸಮುದ್ರತೀರದ ಜನ, ಬೆಳೆ, ಕಸುಬು ಎಂಬ ಪಾಠ. ನನಗೆ ಗೊತ್ತಿದ್ದ ತೀರ ಒಂದೇ. ಅದನ್ನು ಮನಸ್ಸಿಟ್ಟು ಕಲಿಸಿದೆ.

ಫಲಿತಾಂಶದ ದಿನ ಭಾವ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಾಗ ಶಾಂತಾಬೆನ್ ಪೇಡಾ ತಟ್ಟೆ ಹಿಡಿದು ಬಂದರು. ಅಕ್ಕನ ಬಾಯಿಗೊಂದು, ಭಾವನ ಬಾಯಿಗೊಂದು. ನಾನೂ ಬಾಯಿ ತೆರೆದೆ. ತಟ್ಟೆ ಹಿಂದೆ ಸರಿಯಿತು.

"ಭೂಗೋಳ ಒಂದು ಬಿಟ್ಟು ಎಲ್ಲ ಪಾಸು, ಮೇಲಿನ ಕ್ಲಾಸಿಗೆ ಹಾಕಿದ್ದಾರೆ. ಸೌರಾಷ್ಟ್ರದ ಕರಾವಳಿ ಬಗ್ಗೆ ಬರಿ ಅಂದ್ರೆ ಎರಡು ಪುಟ ತೆಂಗಿನಕಾಯಿ ಬರೆದಿದ್ದಾನೆ! ದೇವರಿಗೆ ಬಿಟ್ಟದ್ದೆಲ್ಲ ದಾಟಿತು. ನೀನು ಕೈಹಾಕಿದ್ದೊಂದೇ ಮುಳುಗಿತು, ಭಾಯ್. ಮುಂದಿನ ವರ್ಷ ದೂರ ಇರು."

ಅಕ್ಕ ಈಗಲೂ ಅದೇ ಮನೆಯಲ್ಲಿದ್ದಾಳೆ. ನಾನು ಹೋದಾಗಲೆಲ್ಲ ಶಾಂತಾಬೆನ್ ರಮೇಶನ ಪುಸ್ತಕಗಳನ್ನು ಒಳಗಿಡುತ್ತಾರೆ.

ನಿನ್ನೆ ಇದನ್ನೆಲ್ಲ ಕೇಳಿ ನನ್ನ ಆಫೀಸಿನ ಮಹುವಾ ಕಡೆಯವರೊಬ್ಬರು ರೇಗಿದರು: "ನಮ್ಮ ಸೌರಾಷ್ಟ್ರದ ದಂಡೆಯಲ್ಲೂ ತೆಂಗಿನ ತೋಟಗಳಿವೆಯಲ್ಲ!" ಮೂರು ವರ್ಷ ಬಗ್ಗಿದ್ದ ತಲೆ ತಾನೇ ಎದ್ದಿತು. ಓದುಗರೇ, ಅಲ್ಲಿಯ ಗರಿ, ನಾರು, ಕರಟಗಳ ವಿಚಾರ ಬಲ್ಲವರು ದಯವಿಟ್ಟು ವಿವರವಾಗಿ ಬರೆದು ತಿಳಿಸಿ. ಆ ಎರಡು ಪುಟದಲ್ಲಿ ಅರ್ಧ ಪುಟವಾದರೂ ಸರಿಯಿತ್ತೆಂದು ತೋರಿಸಿ, ನನ್ನ ಪೇಡಾ ವಸೂಲು ಮಾಡಬೇಕಿದೆ.