ಮಹಡಿಯ ಮೇಲಿನ ಗಿಡದ ಮೇಷ್ಟ್ರು

ನಮ್ಮ ಮಹಡಿಗೆ ಬಾಡಿಗೆಗೆ ಬಂದ ಗಿಡದ ಮೇಷ್ಟ್ರು ಸಂಜೆ ಐದಾಯಿತೆಂದರೆ ಸೇವಂತಿಗೆ ಕುಂಡಗಳಿಗೆ ಕಪ್ಪು ಬಟ್ಟೆ ಹೊದಿಸುತ್ತಿದ್ದರು. ಮನೆಗೆ ಬೆಂಕಿ ಬಿದ್ದರೂ ಹೊದಿಸಿಯೇ ಓಡುವ ಜನ. "ಮಲಗಿಸಿದ್ರಾ ಮಕ್ಕಳನ್ನ?" ಎಂದು ಛೇಡಿಸಿದರೆ, "ನಗಬೇಡಿ ಅಮ್ಮಾ, ಕತ್ತಲು ಸಾಕಷ್ಟು ಸಿಕ್ರೆ ಎಲೆಯೇ ಚಿಗುರಿನ ತುದಿಗೆ ಹಾರ್ಮೋನು ಕಳಿಸುತ್ತೆ, ಅಲ್ಲಿ ಅದಕ್ಕೇ ಕಾದಿರೋ ಪ್ರೋಟೀನು ಮೊಗ್ಗಿನ ಜೀನು ಎಬ್ಬಿಸುತ್ತೆ" ಎನ್ನುತ್ತಿದ್ದರು. ಮೊಗ್ಗು ತಡವಾದರೆ ಒಂದೇ ಮಾತು: "ಸುದ್ದಿ ಹೊರಟಿದೆ, ತಲುಪಲಿ ಬಿಡಿ." ನಾಲ್ಕು ವರ್ಷ ತುಂಬಿದರೂ ಒಂದು ಮಾತನ್ನೂ ಆಡದ ಅವರ ಮಗಳ ಬಗ್ಗೆ ಯಾರು ಕೇಳಿದರೂ ಅದೇ ಉತ್ತರ. ಒಂದು ಸಂಜೆ ಐದು ದಾಟಿದರೂ ಕುಂಡಗಳು ಹಾಗೇ ಇದ್ದವು. ಮೇಷ್ಟ್ರು ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. "ಅಮ್ಮಾ, ನಿಮ್ಮ ಮಗ ಎಷ್ಟನೇ ವರ್ಷಕ್ಕೆ ಮಾತಾಡಿದ?" ಒಂದೂವರೆಗೇ ಹರಟೆ ಶುರುಮಾಡಿದ್ದವನನ್ನು ನೆನೆದು, "ಐದು ತುಂಬಿತ್ತಪ್ಪಾ" ಎಂದೆ. ಅವರು ಎದ್ದು ಬಟ್ಟೆ ಹೊದಿಸಿದರು.